ಹೂಂ ಅಂದ ತಪ್ಪಿಗೆ

ಬೆಂಡೆಕಾಯಿ ಹೆಚ್ಚುತ್ತಿದ್ದ ಶ್ರೀಲತಾ ಕೈ ಒರೆಸಿಕೊಂಡು ವಲಸೆ ಕಚೇರಿಯಿಂದ ಬಂದ ಲಕೋಟೆ ಒಡೆದಳು. ಅಮೆರಿಕದ ಪೌರತ್ವಕ್ಕೆ ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ಗ್ರೀನ್ ಕಾರ್ಡ್ ಸಿಕ್ಕಿ ಇನ್ನೂ ಐದು ವರ್ಷ ಆಗಿಲ್ಲವಂತೆ! ಆಗಿದ್ದುದು ಆರು. ವಿಚ್ಛೇದನದ ನಂತರ ತವರಿನ ಹೆಸರಿಗೆ ಕಾರ್ಡ್ ಬದಲಿಸಿಕೊಂಡಿದ್ದಳು. ಕಚೇರಿಯ ಪುಣ್ಯಾತ್ಮರು ಬದಲಿಸಿದ ವರ್ಷವನ್ನೇ ಮೊದಲ ವರ್ಷವೆಂದು ಹೊಸ ಕಾರ್ಡಿನ ಮೇಲೆ ಅಚ್ಚು ಹಾಕಿದ್ದರು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆಯೇ. ಸಂದರ್ಶನದಲ್ಲಿ ಅಧಿಕಾರಿ ಆ ಕಾರ್ಡ್ ನೋಡಿ, ಗ್ರೀನ್ ಕಾರ್ಡ್ ಇರುವುದು ಎರಡು ಸಾವಿರದ ಇಪ್ಪತ್ತೆರಡರಿಂದ ತಾನೆ ಎಂದು ಕೇಳಿದಾಗ ಇವಳು “ಯೆಸ್ ಸರ್” ಎಂದುಬಿಟ್ಟಿದ್ದಳು. ಕುರ್ಚಿಯಲ್ಲಿ ಕೂತವರಿಗೆ ಎದುರಾಡಬಾರದೆಂದು ಮೈಸೂರಿನ ಶಾಲೆಯಲ್ಲಿ, ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕಲಿತ ಪಾಠ ಇಲ್ಲಿಯವರೆಗೂ ಬೆನ್ನು ಬಿಟ್ಟಿರಲಿಲ್ಲ.

ಸಂಜೆ ಬದರಿನಾಥ ಅಂಕಲ್ ಬಂದರು. ನಲವತ್ತು ವರ್ಷದಿಂದ ಇಲ್ಲೇ ಇರುವ ಡಾಕ್ಟರು, ಜಾನ್ಸ್ ಕ್ರೀಕ್ ಊರಿನ ಕನ್ನಡಿಗರಿಗೆಲ್ಲ ಹಿರಿಯರು. ಸರ್ಕಾರದ ಜೊತೆ ವಾದಕ್ಕಿಳಿದರೆ ಹಳೆಯದನ್ನೆಲ್ಲ ಕೆದಕುತ್ತಾರೆ, ನಾಲ್ಕು ಜನರ ಕಿವಿಗೂ ಬೀಳುತ್ತದೆ, ಎರಡು ಮೂರು ವರ್ಷ ಬಿಟ್ಟು ಮತ್ತೆ ಹಾಕಿದರಾಯಿತು ಎಂದು ಬುದ್ಧಿ ಹೇಳಿದರು. ಅವರ ಕಾಳಜಿ ಸುಳ್ಳೇನಲ್ಲ.

“ನಂದಿತಾಗೆ ಡಿಸೆಂಬರ್‌ಗೆ ಹದಿನೆಂಟು ತುಂಬತ್ತೆ ಅಂಕಲ್. ಅಷ್ಟರೊಳಗೆ ನಾನು ಸಿಟಿಜನ್ ಆದ್ರೆ ಮಗಳೂ ಆಗ್ತಾಳೆ. ಇಲ್ದಿದ್ರೆ ಅವಳು ಇಲ್ಲಿಗೆ ಬಂದು ಎರಡೇ ವರ್ಷ, ಇನ್ನೂ ಮೂರು ವರ್ಷ ಕಾದು ಅವಳೇ ಅಪ್ಲೈ ಮಾಡ್ಬೇಕು. ನನ್ನ ಭಯಕ್ಕೆ ಅವಳು ಯಾಕೆ ಕಾಯ್ಬೇಕು?”

ಅಂಕಲ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಶ್ರೀಲತಾ ಗಡುವಿನೊಳಗೆ ಮೇಲ್ಮನವಿ ಹಾಕಿದಳು. ಅಕ್ಟೋಬರಿನಲ್ಲಿ ಕರೆ ಬಂತು. ಈ ಸಲ ಬೇರೊಬ್ಬ ಅಧಿಕಾರಿಣಿ. ಶ್ರೀಲತಾ ಲಗತ್ತಿಸಿದ್ದ ಹಳೆಯ ಕಾರ್ಡಿನ ಪ್ರತಿಯನ್ನು ತಿರುವಿ ನೋಡಿದರೂ ಆಕೆಯ ಮುಖ ಸಡಿಲಲಿಲ್ಲ. ಪ್ರಮಾಣ ಮಾಡಿ ಹೌದೆಂದವರು ನೀವೇ ಅಲ್ಲವೆ, ಮೇಲ್ಮನವಿ ಹಿಂತೆಗೆದುಕೊಂಡು ಮುಂದೆ ಹೊಸ ಅರ್ಜಿ ಹಾಕಿದರೆ ಎಲ್ಲರಿಗೂ ಸುಲಭ ಎಂದಳು. “ಯೆಸ್ ಮ್ಯಾಮ್” ಶ್ರೀಲತಾಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡಳು.

“ಅವತ್ತು ಹೆದರಿ ಹೌದು ಅಂದೆ. ಅದು ನನ್ನ ತಪ್ಪು, ಬರೆದುಕೊಳ್ಳಿ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. “ಕಾರ್ಡಿನ ಮೇಲಿರುವುದು ನಿಮ್ಮ ತಪ್ಪು. ಅದನ್ನು ತಿದ್ದುವ ತನಕ ನಾನು ಏನನ್ನೂ ಹಿಂತೆಗೆದುಕೊಳ್ಳುವುದಿಲ್ಲ.”

ಅಧಿಕಾರಿಣಿ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ಹುಡುಕತೊಡಗಿದಳು. ವಾರ ಕಳೆಯುವುದರೊಳಗೆ ತಿರಸ್ಕಾರ ರದ್ದಾಯಿತು. ನವೆಂಬರಿನಲ್ಲಿ ಶ್ರೀಲತಾ ಪ್ರಮಾಣವಚನ ತೆಗೆದುಕೊಂಡಳು, ಅದೇ ದಿನ ನಂದಿತಾಳಿಗೂ ಪೌರತ್ವ ಸಿಕ್ಕಿತು.

ಸಭಾಂಗಣದ ಹೊರಗೆ ಬದರಿನಾಥ ಅಂಕಲ್ ಹೂಗುಚ್ಛ ಹಿಡಿದು ನಿಂತಿದ್ದರು. ಅಭಿನಂದನೆ ಹೇಳಿ, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು.

“ತಪ್ಪು ನಿಮ್ದು ಅಂದಾಗ ಆಫೀಸರು ಬೈಲಿಲ್ವೇನಮ್ಮಾ?”

ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಇಷ್ಟು ವರ್ಷ ಇದೇ ಅಂಜಿಕೆಯಲ್ಲಿ ಬದುಕಿದ್ದರೆಂದು ಶ್ರೀಲತಾಳಿಗೆ ಆಗ ಹೊಳೆಯಿತು.

“ಬೈದಿದ್ರೂ ಹೇಳ್ತಿದ್ದೆ ಅಂಕಲ್.”

ಅವರು ತಲೆಯಾಡಿಸಿದರು. ಹೂಗುಚ್ಛವನ್ನು ನಂದಿತಾಳ ಕೈಗಿತ್ತು, ಪಕ್ಕಕ್ಕೆ ಸರಿದು ತಂಗಿಯ ಮಗನಿಗೆ ಫೋನು ಮಾಡಿದರು.

“ಗೋಪಿನಾಥ, ನಿನ್ನ ಅರ್ಜಿ ರಿಜೆಕ್ಟ್ ಆದಾಗ ಸುಮ್ನಿರು ಅಂದಿದ್ನಲ್ಲ, ನಾನು ಹೇಳಿದ್ದು ತಪ್ಪು ಕಣೋ. ಗಡುವು ಇನ್ನೂ ಇದೆಯಾ ನೋಡು. ನಿನ್ ಜೊತೆ ನಾನೂ ಬರ್ತೀನಿ.”