ಬಾ, ಕೂತ್ಕೋ, ಕೈ ಕೊಡು

ನನ್ನ ಹತ್ತಿರ ನಾಲ್ಕು ವರ್ಷ ಕಲಿತ ಹುಡುಗಿ ಒಂದು ಮಂಗಳವಾರ, ದಾರಿಯಲ್ಲಿ ಯಾರೋ ಕೇಳಿದರೆಂದು, ರಕ್ತ ಕೊಟ್ಟು ಬಂದಳು.

ಪುಟ್ಟಿಗೆ ಹತ್ತೊಂಬತ್ತು ವರ್ಷ. ಅವಳಿಗೆ ಆಟಿಸಂ ಇದೆ. ಅವಳ ಅಮ್ಮ ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸುತ್ತಿದ್ದಾಗ ಇವಳು ಹೊರಗೆ ನಿಂತಿದ್ದಳು. ಪಕ್ಕದಲ್ಲೇ ರಕ್ತದಾನದ ವ್ಯಾನು. ನರ್ಸು ಇವಳನ್ನು ನೋಡಿ, "ಬಾಮ್ಮ, ಕೂತ್ಕೋ, ಕೈ ಕೊಡು" ಎಂದಳಂತೆ. ಇವಳು ಹೋದಳು, ಕೂತಳು, ಕೈ ಕೊಟ್ಟಳು. ಆರೋಗ್ಯವಾಗಿದ್ದೀಯಾ? ಹೌದು. ನಿನ್ನಿಷ್ಟದಿಂದಾನೇ ಕೊಡ್ತಿದ್ದೀಯಾ? ಹೌದು. ಬರುವುದು, ಕೂರುವುದು, ಕೈ ಕೊಡುವುದು, ಆ ಹಾಳು ಹೌದು, ಎಲ್ಲವನ್ನೂ ತಿದ್ದಿ ತಿದ್ದಿ ಕಲಿಸಿದವಳು ಇದೇ ಮಹಾತಾಯಿ, ನಾನು.

ಮಾರನೆಯ ದಿನ ಅವಳ ಅಮ್ಮ ನಮ್ಮ ಥೆರಪಿ ಸೆಂಟರಿಗೆ ಬಂದರು. ಮಗಳ ತೋಳಿನ ಮೇಲೆ ಇನ್ನೂ ಪ್ಲಾಸ್ಟರ್ ಇತ್ತು.

"ಇವತ್ತು ರಕ್ತ ಕೇಳಿದ್ರು, ಕೊಟ್ಲು. ನಾಳೆ ಇನ್ಯಾವನೋ ಇನ್ನೇನೋ ಕೇಳ್ತಾನೆ. ಅದನ್ನೂ ಕೊಟ್ಟು ಬರ್ತಾಳೆ ಅಲ್ವಾ ಮೇಡಂ?"

ಒಂದು ಕೇಳಿದರೆ ಹತ್ತು ಹೇಳುವ ನಾನು, "ಹೌದು" ಎಂದಷ್ಟೇ ಅಂದೆ. ನನ್ನ ಜನ್ಮದಲ್ಲಿ ಅದೇ ಮೊದಲು.

ಮುಂದಿನ ತಿಂಗಳಿಂದ ಪುಟ್ಟಿಗೆ ಒಂದು ಲಾಂಡ್ರಿಯಲ್ಲಿ ಕೆಲಸ ಗೊತ್ತಾಗಿತ್ತು, ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಚುವುದು. ಬಸ್ಸಿನಲ್ಲಿ ಮೂರು ಸ್ಟಾಪು. ಅಮ್ಮನಿಗೂ ಅದೇ ಹೊತ್ತಿಗೆ ಡ್ಯೂಟಿ.

"ಒಬ್ಬಳನ್ನೇ ಹೇಗೆ ಕಳಿಸ್ಲಿ ಹೇಳಿ. ಆ ಕೆಲಸಾನೇ ಆಗಲ್ಲ ಅಂದ್ಬಿಡ್ತೀನಿ."

"ಒಂದು ತಿಂಗಳು ಟೈಮ್ ಕೊಡಿ ಅಮ್ಮ, ಬೇಡ ಅನ್ನೋದನ್ನ ಕಲಿಸ್ತೀನಿ," ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ನನಗೇ ಗೊತ್ತಿಲ್ಲ.

ದೊಡ್ಡ ಮೇಡಂ, ಅಂದರೆ ನಮ್ಮ ಸೆಂಟರಿನ ಮುಖ್ಯಸ್ಥೆ, ಕೇಳಿ ಕೆಂಡವಾದರು. ಅದೇ ತಿಂಗಳ ಕೊನೆಗೆ ಗುಣಮಟ್ಟದ ತಪಾಸಣೆ ಇತ್ತು. ಗೋಡೆಯ ಮೇಲೆ ಪುಟ್ಟಿಯದೇ ಗ್ರಾಫ್: ಸೂಚನೆ ಪಾಲನೆ, ನೂರಕ್ಕೆ ತೊಂಬತ್ತಾರು. ಬಂದವರಿಗೆಲ್ಲ ಅದನ್ನು ತೋರಿಸಿ ಬೆನ್ನು ತಟ್ಟಿಕೊಳ್ಳುವುದು ಅವರ ಬೆಳಗಿನ ವ್ಯಾಯಾಮ.

"ತಪಾಸಣೆ ಮುಗಿಯೋವರೆಗೂ ಆ ಹುಡುಗಿ ತರಬೇತಿ ಪ್ಲಾನ್ ಮುಟ್ಬೇಡ. ಆಮೇಲೆ ಏನಾದ್ರೂ ಮಾಡ್ಕೋ."

ನನಗೆ ಮೈಯೆಲ್ಲ ಉರಿಯಿತು. ಅವರ ಮುಖಕ್ಕೆ ಹಿಡಿಯಲು ಏನಾದರೂ ಸಿಕ್ಕೀತೆಂದು ಸೇವಾ ಮಾನದಂಡಗಳ ಪುಸ್ತಕ ತೆಗೆದೆ. ಓದಿದ್ದೇನೆ ಎಂದು ವರ್ಷ ವರ್ಷವೂ ಸಹಿ ಹಾಕಿದ್ದೆ. ತೆರೆದದ್ದು ಮಾತ್ರ ಅಂದೇ. ಹನ್ನೊಂದನೆಯ ಪುಟದಲ್ಲೇ ಇತ್ತು: ಸೇವೆ ಪಡೆಯುವವರಿಗೆ ನಿರಾಕರಿಸಲು ಕಲಿಸಬೇಕು, ನಿರಾಕರಿಸಿದರೆ ನಿಲ್ಲಿಸಬೇಕು. ಪುಸ್ತಕವನ್ನು ಮೇಡಂ ಮೇಜಿನ ಮೇಲೆ ಕುಕ್ಕಿದೆ. ಅವರು ಆ ಪುಟ ಓದಿ, ನನ್ನನ್ನು ನೋಡಿ, ಹಾಳಾಗಿ ಹೋಗು ಎನ್ನುವಂತೆ ಕೈ ಬೀಸಿದರು. ಅದನ್ನೇ ಅನುಮತಿ ಎಂದುಕೊಂಡೆ.

ಮೊದಲ ದಿನ ಜಾಣತನ ತೋರಿಸಲು ಹೋದೆ.

"ಪುಟ್ಟಿ, ಬೇಡ ಅನ್ನು."

"ಬೇಡ."

ಹತ್ತು ಸಲ ಹೇಳಿದೆ, ಹತ್ತು ಸಲವೂ ಅಂದಳು. ಖುಷಿಯಿಂದ ಹಾಳೆಯ ಮೇಲೆ ಗೀಟು ಹಾಕುತ್ತಾ ಹೋದವಳಿಗೆ ಹತ್ತನೆಯ ಗೀಟಿಗೆ ತಲೆಗೆ ಹೊಳೆಯಿತು: ಇದೂ ಹೇಳಿದ್ದನ್ನು ಕೇಳುವುದೇ. ಆ ಹಾಳೆಯನ್ನು ಹರಿದು ಬಿಸಾಡಿದೆ.

ಆಮೇಲೆ ಬೇಡ ಎಂದು ಹೇಳಿಕೊಡುವುದನ್ನೇ ಬಿಟ್ಟೆ. ಅವಳು ಮುಖ ತಿರುಗಿಸಿದರೆ ಮಾಡಿಸುತ್ತಿದ್ದುದನ್ನು ನಿಲ್ಲಿಸಿದೆ. ಕೈ ಹಿಂದಕ್ಕೆ ಎಳೆದುಕೊಂಡರೆ ನಿಲ್ಲಿಸಿದೆ. ಒಂದು ವಾರ ಅವಳು ನನ್ನನ್ನು ತಲೆ ಕೆಟ್ಟವಳನ್ನು ನೋಡುವಂತೆ ನೋಡಿದಳು. ಎರಡನೆಯ ವಾರ, ನಾಲ್ಕು ವರ್ಷದಿಂದ ದಿನಾ ಜೋಡಿಸುತ್ತಿದ್ದ ಮರದ ಬಿಲ್ಲೆಗಳ ಹಲಗೆಯನ್ನು ಮೇಜಿನಿಂದ ಮೆಲ್ಲಗೆ ತಳ್ಳಿದಳು. ಅದು ನೇರ ನನ್ನ ಕಾಲಿನ ಮೇಲೆ ಬಿತ್ತು. ಉಗುರು ಕಪ್ಪಾಯಿತು. ನೋವಿಗೆ ಕಣ್ಣಲ್ಲಿ ನೀರು ಬಂದರೂ, "ಸರಿ, ತೆಗೆದಿಡ್ತೀನಿ" ಎಂದೆ. ನಾಲ್ಕು ವರ್ಷ ಸಹಿಸಿದ್ದಾಳಲ್ಲ, ಪಾಪ. ನನಗೂ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಆದರೆ ಅದು ವಸ್ತುವಿಗೆ ಹೇಳಿದ ಬೇಡ. ಮನುಷ್ಯರ ಮುಖ ನೋಡಿ ಅವಳು ಇನ್ನೂ ಒಂದು ಸಲವೂ ಹೇಳಿರಲಿಲ್ಲ. ದೊಡ್ಡ ಮೇಡಂ ಗ್ರಾಫ್ ಐವತ್ತೊಂದಕ್ಕೆ ಇಳಿದದ್ದನ್ನು ನೋಡಿ ನನ್ನೊಂದಿಗೆ ಮಾತು ಬಿಟ್ಟರು.

ತಪಾಸಣೆಗೆ ಬಂದವರು ಗಡ್ಡದ ಒಬ್ಬ ಮುದುಕರು. ಕಡತಗಳನ್ನು ಪಕ್ಕಕ್ಕಿಟ್ಟು ಪುಟ್ಟಿಯ ಎದುರು ಕೂತರು. ಅಮ್ಮ ಬಾಗಿಲ ಹತ್ತಿರ ನಿಂತಿದ್ದರು.

"ಇಲ್ಲಿ ನಿಮಗೆ ಬೇಡ ಅನ್ನಿಸೋದು ಏನಾದ್ರೂ ಇದೆಯಾ?"

ಅವಳಿಗೆ ನೀವು ಎಂದವರನ್ನು ನಾನು ಕಂಡದ್ದು ಅದೇ ಮೊದಲು. ಪುಟ್ಟಿ ಬೆರಳು ಎತ್ತಿ ನನ್ನತ್ತ ತೋರಿಸಿದಳು.

"ಇವರು ಬೇಡ. ಮಾತು ಜಾಸ್ತಿ."

ದೊಡ್ಡ ಮೇಡಂ ನಾಲ್ಕು ವಾರದಲ್ಲಿ ಮೊದಲ ಸಲ ನಕ್ಕರು.

"ಬೇರೆಯವರನ್ನ ಕೇಳೋ ಹಕ್ಕು ನಿಮಗಿದೆ," ಎಂದರು ಮುದುಕರು. "ಯಾರು ಬೇಕು?"

"ಪಕ್ಕದ ರೂಮಿನವರು."

ಪಕ್ಕದ ರೂಮಿನ ಥೆರಪಿಸ್ಟ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನನಗೆ ತಡೆಯಲಾಗಲಿಲ್ಲ. ಯಾವ ಪುಸ್ತಕವೂ ಮಾಡು ಎನ್ನದ ಕೆಲಸ ಮಾಡಿದೆ, ಅಂಗಲಾಚಿದೆ.

"ಪುಟ್ಟಿ, ಇನ್ಮೇಲೆ ಕಮ್ಮಿ ಮಾತಾಡ್ತೀನಿ ಕಣೇ. ನನ್ನ ಹತ್ರನೇ ಇರು. ಇರ್ತೀಯಾ?"

ಅವಳು ನನ್ನ ಮುಖವನ್ನೇ ನೋಡಿದಳು.

"ಬೇಡ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಹೆತ್ತ ಮಕ್ಕಳಿಗೂ ಕೊಡದಷ್ಟು ಹೊತ್ತನ್ನು ಅವಳಿಗೆ ಕೊಟ್ಟಿದ್ದೆ. ಅಮ್ಮ ಬಂದು ಪಕ್ಕದಲ್ಲಿ ಕೂತರು. ಅವರ ಕಣ್ಣೂ ಒದ್ದೆಯಾಗಿತ್ತು.

"ಕೇಳಿಸ್ಕೊಂಡ್ರಾ ಮೇಡಂ? ನೀವು ಅಷ್ಟು ಕೇಳ್ಕೊಂಡ್ರೂ ಬೇಡ ಅಂದ್ಲು."

"ಕೇಳಿಸ್ತು ಬಿಡಿ. ಅದಕ್ಕೇ ಅಳ್ತಿರೋದು."

"ಸೋಮವಾರ," ಎಂದರು ಅಮ್ಮ, ನನ್ನ ಕೈ ಹಿಡಿದುಕೊಂಡು, "ಒಬ್ಬಳನ್ನೇ ಬಸ್ ಹತ್ತಿಸ್ತೀನಿ."