ಚುಕ್ಕಿ ಬಿಟ್ಟು ಒಂದು ಹಲ್ಲು

ಕೆರಿಯಮ್ಮ ಬಟ್ಟೆಯ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಗಂಡನ ಹೆಬ್ಬೆರಳಿನ ಉಗುರನ್ನು ಉಜ್ಜುತ್ತಿದ್ದಳು. ಸ್ನಾನ ಮಾಡಿಸಿದವರು ಸೋಪು ಹಾಕಿ ತಿಕ್ಕಿದ್ದರೂ ಗ್ರೀಸು ಬಿಟ್ಟಿರಲಿಲ್ಲ. ಬದುಕಿದ್ದಷ್ಟು ದಿನವೂ ಭೂತಪ್ಪನ ಕೈ ಹಾಗೇ ಇತ್ತು. ಮದುವೆಯ ಫೋಟೊದಲ್ಲೂ ಉಗುರು ಕಪ್ಪೇ. ಇವತ್ತಾದರೂ ಬೆಳ್ಳಗಿರಲಿ ಎಂದು ಅವಳಿಗೆ ಹಟ.

"ಸಾಕು ಬಿಡೇ, ಚರ್ಮ ಕಿತ್ ಬಂದೀತು," ಎಂದಳು ಪಕ್ಕದ ಮನೆಯ ತುಂಗಮ್ಮ.

ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಗೋಡೆಗೆ ಒರಗಿದ್ದ, ಅಷ್ಟೆ. ಮತ್ತೆ ಏಳಲಿಲ್ಲ. ತುಮರಿಯಿಂದ ಮಗಳು ಭವ್ಯಾ ಬಂದ ಕೂಡಲೇ ಎತ್ತುವುದೆಂದು ಆಗಿತ್ತು. ಹಿನ್ನೀರಿಗೆ ಸೇತುವೆಯಾದ ಮೇಲೆ ಲಾಂಚಿಗೆ ಕಾಯುವ ಗೋಳಿಲ್ಲ, ಇನ್ನೇನು ಬಂದಾಳು.

ಸಾಗರದ ಪೇಟೆಯಂಚಿನ ಆ ಮನೆಯ ಮುಂಭಾಗವೇ ಗ್ಯಾರೇಜು. ಅಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಇಂಜಿನ್ನು ಕೂತಿತ್ತು. ಕಾರು ಅರಳಸುರಳಿಯ ಧರ್ಮಪ್ಪನವರದು. ಅವರ ಅಪ್ಪ ಓಡಿಸಿದ್ದು, ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಸುದ್ದಿ ಕೇಳಿ ಓಡಿಬಂದಿದ್ದ ಧರ್ಮಪ್ಪ ಅಂಗಳದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಅತ್ತೆ, ಒಂಚೂರು ಇಲ್ಲಿ ಬರ್ತೀರಾ?" ನಾದಿನಿಯ ಮಗ ನಿರಂಜನ ಗ್ಯಾರೇಜಿನಿಂದ ಕರೆದ. ಅವನೂ ಮೆಕ್ಯಾನಿಕ್ಕೇ, ಶಿವಮೊಗ್ಗದಲ್ಲಿ ಕೆಲಸ.

ಇಂಜಿನ್ನಿನ ಮುಂದಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. ಒಳಗೆ ಹಲ್ಲಿನ ಎರಡು ಚಕ್ರ, ಅವಕ್ಕೆ ಸುತ್ತಿದ ಚೈನು. ಕೆಳಗಿನದು ಪಿಸ್ಟನ್ನುಗಳದು, ಮೇಲಿನದು ವಾಲ್ವು ತೆರೆಯುವ ಕ್ಯಾಮ್‌ಶಾಫ್ಟಿನದು. ಎರಡರ ಮೇಲೂ ಒಂದೊಂದು ಚುಕ್ಕಿ. ಅವು ಎದುರುಬದುರು ಕೂರಬೇಕು.

"ಮಾವ ಒಂದ್ ಹಲ್ಲು ತಪ್ಪಿಸಿ ಕೂರ್ಸಿದಾರೆ ಅತ್ತೆ. ಹಿಂಗೇ ಸ್ಟಾರ್ಟ್ ಮಾಡಿದ್ರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದ್ರೂ ಬಡೀತು." ಅವನು ದನಿ ತಗ್ಗಿಸಿದ. "ಧರ್ಮಪ್ಪೋರಿಗೆ ಗೊತ್ತಾಗೋದ್ರೊಳ್ಗೆ ನಾನೇ ಸರಿ ಮಾಡಿಡ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಕೆರಿಯಮ್ಮ ಚೈನಿಗೆ ಕೈ ಅಡ್ಡ ಇಟ್ಟಳು.

*

ಭೂತಪ್ಪನಿಗೆ ಮರೆವು ಶುರುವಾಗಿದ್ದು ಹೋದ ವರ್ಷ. ಮೊದಲು ಗಿರಾಕಿಗಳ ಹೆಸರು ಹೋಯಿತು, ಆಮೇಲೆ ಬಸ್‌ಸ್ಟ್ಯಾಂಡಿನಿಂದ ಮನೆಯ ದಾರಿ. ಒಂದು ದಿನ ಅನ್ನ ಬಡಿಸುವಾಗ ಅವಳನ್ನೇ "ಅಕ್ಕಾ" ಎಂದ. ಕೆರಿಯಮ್ಮ ಯಾರಿಗೂ ಬಾಯಿ ಬಿಡಲಿಲ್ಲ. ಅವನ ಮಾತು ಅರ್ಧಕ್ಕೆ ನಿಂತರೆ ತಾನೇ ಪೂರ್ತಿ ಮಾಡುತ್ತಿದ್ದಳು. ಧರ್ಮಪ್ಪ ಇಂಜಿನ್ನು ತಂದ ದಿನ ಬೇಡವೆನ್ನಬೇಕಿತ್ತು, ಆದರೆ ಅದನ್ನು ಕಂಡು ಗಂಡನ ಮುಖ ಅರಳಿದ್ದು ನೋಡಿ ನಾಲಿಗೆ ಏಳಲಿಲ್ಲ.

ವಾಲ್ವು ಸರಿಯಾದ ಹೊತ್ತಿಗೆ ತೆರೆಯುತ್ತದೆಯೇ ಎಂದು ಟೈಮಿಂಗ್ ನೋಡುವ ಕೆಲಸದಲ್ಲಿ ಮದುವೆಯಾದಾಗಿನಿಂದ ಅವಳೇ ಜೊತೆ. ಅವಳ ತವರಿನ ಸ್ಟೀಲ್ ತಟ್ಟೆಯ ನಡುವೆ ತೂತು ಕೊರೆದು, ಸುತ್ತ ಡಿಗ್ರಿ ಗುರುತು ಹೊಡೆದು ಇಂಜಿನ್ನಿನ ಮೂತಿಗೆ ಬಿಗಿದವನು ಭೂತಪ್ಪ. ಆ ತಟ್ಟೆಯ ದೆಸೆಯಿಂದ ಅವಳು ವಾರಗಟ್ಟಲೆ ಮಾತು ಬಿಟ್ಟಿದ್ದಳು. ಅವಳು ಸ್ಪಾನರ್ ಹಾಕಿ ತಿರುಗಿಸಬೇಕು, ಅವನು ವಾಲ್ವು ಎಷ್ಟು ಎದ್ದಿತೆಂದು ತೋರಿಸುವ ಡಯಲು ನೋಡಬೇಕು. ವಾಲ್ವು ತೆರೆಯುವಾಗ ತಂತಿಯ ಮುಳ್ಳಿನೆದುರು ತಟ್ಟೆಗೊಂದು ಸೀಮೆಸುಣ್ಣದ ಗುರುತು, ಮುಚ್ಚುತ್ತಾ ಅಷ್ಟೇ ಎತ್ತರಕ್ಕೆ ಬಂದಾಗ ಇನ್ನೊಂದು. ಎರಡರ ನಟ್ಟನಡುವೆ ಕೆಂಪು ಗೀಟು ಬಿದ್ದರೆ ಟೈಮಿಂಗ್ ಸರಿ. ಕಂಪನಿಯ ಪುಸ್ತಕ ನೋಡಿ ಒಂದೊಂದು ಇಂಜಿನ್ನಿಗೆ ಒಂದೊಂದು ಕಡೆ ಎಳೆಯುವ ಆ ಗೀಟಿಗೆ ಭವ್ಯಾಳ ನೇಲ್‌ಪಾಲಿಶ್ ಖರ್ಚಾಗುತ್ತಿತ್ತು.

ನಿನ್ನೆಯೂ ಹಾಗೇ ಕೂತಿದ್ದರು. "ತಿರುಗ್ಸು... ಇನ್ನೊಂಚೂರು... ನಿಲ್ಸು." ಆಮೇಲೆ ಭೂತಪ್ಪ ತಲೆಯೆತ್ತಿ ಅವಳನ್ನೇ ನೋಡಿದ.

"ನೀವು ಯಾರ ಮನೆಯೋರು?"

"ಇದೇ ಮನೆಯೋಳು. ಮುಂದೇನು ಹೇಳಿ."

"ಹಾಂ, ತಿರುಗ್ಸು."

ಕೊನೆಗೆ ಅವನು ಸೀಮೆಸುಣ್ಣದ ಗುರುತುಗಳನ್ನೆಲ್ಲ ಒರೆಸಿ "ಸರಿ ಇದೆ" ಎಂದಿದ್ದ. ಹೆಂಡತಿಯ ಗುರುತೇ ಸಿಗದವನ ಮಾತು ನಂಬುವುದು ಹೇಗೆಂದು ಅವಳಿಗೆ ರಾತ್ರಿ ನಿದ್ದೆ ಹತ್ತಿರಲಿಲ್ಲ.

*

"ಚೈನು ಮುಟ್ಬೇಡ," ಎಂದಳು ಕೆರಿಯಮ್ಮ. "ಮೊದ್ಲು ತಟ್ಟೇಲಿ ನೋಡಣ. ಗಜಾನನ, ಬಾರೋ ಇಲ್ಲಿ."

ತೀರ್ಥಹಳ್ಳಿಯಲ್ಲಿ ಗ್ಯಾರೇಜಿಟ್ಟಿರುವ ಗಜಾನನ ಭೂತಪ್ಪನ ಜೊತೆ ಕೆಲಸ ಕಲಿತವನು. ಅವನು ಕಣ್ಣೊರೆಸಿಕೊಂಡು ಬಂದ. ಹಿಂದೆಯೇ ಧರ್ಮಪ್ಪನವರೂ ಎದ್ದು ಬಂದರು.

"ಹೆಣ ಇಟ್ಕಂಡು ಇದೆಂತ ಕೆಲ್ಸನೇ?" ತುಂಗಮ್ಮ ಒಳಗಿನಿಂದ ಗದರಿದಳು.

ಕೆರಿಯಮ್ಮ ಅತ್ತ ತಿರುಗಲಿಲ್ಲ. "ಧರ್ಮಪ್ಪೋರೆ, ಇವ್ರಿಗೆ ಮರೆವು ಬಂದಿತ್ತು. ನಾನು ಹೇಳ್ಲಿಲ್ಲ. ತಪ್ಪಿದ್ರೆ ನಿಮ್ಮೆದ್ರಿಗೇ ಗೊತ್ತಾಗ್ಲಿ."

"ನಂಗೊತ್ತಿತ್ತು ಕೆರಿಯಮ್ಮ. ನನ್ನ ನಮ್ಮಪ್ಪನ ಹೆಸ್ರಲ್ಲಿ ಕರೀತಿದ್ದ. ಆದ್ರೂ ಇದನ್ನ ಬೇರೆಯೋರ ಕೈಗೆ ಕೊಡಕ್ಕೆ ಮನ್ಸಾಗ್ಲಿಲ್ಲ."

ಅವಳು ಗ್ರೀಸು ಮೆತ್ತಿದ ಸ್ಪಾನರ್ ಹಿಡಿದು ಹಾಕಿದಳು. ಪಿಸ್ಟನ್ ಮೇಲೆ ಬಂದಾಗ ತಟ್ಟೆಯ ಸೊನ್ನೆ ಸರಿಯಿದೆಯೇ, ಕೆಂಪು ಗೀಟು ಪುಸ್ತಕದಲ್ಲಿ ಈ ಇಂಜಿನ್ನಿಗೆ ಹೇಳಿದ ಡಿಗ್ರಿಗೇ ಇದೆಯೇ ಎಂದು ಗಜಾನನ ಮೊದಲು ನೋಡಿಕೊಂಡ. ಆಮೇಲೆ ಡಯಲಿಗೆ ಕಣ್ಣಿಟ್ಟ. "ತಿರುಗ್ಸಿ ಅತ್ಗೆ... ನಿಲ್ಸಿ." ನಿರಂಜನ ಗುರುತು ಹಾಕಿದ. "ಇನ್ನೂ... ಇನ್ನೂ... ನಿಲ್ಸಿ." ಇನ್ನೊಂದು ಗುರುತು ಬಿತ್ತು. ನಿರಂಜನ ದಾರ ಹಿಡಿದು ನಡುವನ್ನು ಅಳೆದ. ಮತ್ತೆ ಅಳೆದ.

"ಗೀಟಿನ ಮೇಲೇ ಬಂತು!" ಅವನು ಚೈನಿನತ್ತ ಬಗ್ಗಿದ. "ಹಂಗಾರೆ ಚುಕ್ಕಿ?"

"ಮೇಲಿನ ಚಕ್ರ ಹೊಸಾದು ಮಾರಾಯ. ಚುಕ್ಕಿ ಹೊಡ್ದೋನೇ ತಪ್ಪಿದಾನೆ. ಭೂತಪ್ಪ ಆ ತಪ್ಪನ್ನ ಹಿಡಿದು ಒಂದ್ ಹಲ್ಲು ಸರಿಸಿದಾನೆ." ಗಜಾನನ ನಗುತ್ತಲೇ ಅಳತೊಡಗಿದ. "ಸಾಕು ಅತ್ಗೆ, ಬಿಡಿ."

ಕೆರಿಯಮ್ಮ ಬಿಡಲಿಲ್ಲ. ಒಂದೇ ಸಲ ನೋಡಿದ್ದನ್ನು ಭೂತಪ್ಪ ಯಾವತ್ತೂ ನಂಬಿದವನಲ್ಲ. ಅವಳು ಇನ್ನೊಮ್ಮೆ ತಿರುಗಿಸಿದಳು. ಮುಳ್ಳು ಈಗಷ್ಟೇ ಹಾಕಿದ್ದ ಗುರುತುಗಳೆದುರೇ ಬಂದು ನಿಂತಿತು. ಬೆಳಗಿನಿಂದ ಬಾರದ ಅಳು ಆಗ ಬಂತು, ನೆಮ್ಮದಿಯಿಂದಲೇ ಬಂತು. ಹೆಸರು ಹೋಗಿತ್ತು, ದಾರಿ ಹೋಗಿತ್ತು, ಅವಳ ಮುಖವೂ ಹೋಗಿತ್ತು, ಕೈ ಮಾತ್ರ ಮರೆತಿರಲಿಲ್ಲ. ಅದೂ ಮರೆಯುವ ಮೊದಲೇ ಹೋದನಲ್ಲ ಎಂದು ಅವಳಿಗೆ ಹಗುರವೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯಾಗಲಿಲ್ಲ.

ಹೊರಗೆ ಕಾರು ನಿಂತಿತು. ಭವ್ಯಾ ಓಡಿಬಂದು ಅಪ್ಪನ ಕಾಲಿನ ಮೇಲೆ ಬಿದ್ದು ಅತ್ತಳು. ಕೆರಿಯಮ್ಮ ಗಂಡನ ತಲೆದೆಸೆಯಲ್ಲಿ ಕೂತು ಬಾಯಿಗೆ ತುಳಸಿನೀರು ಬಿಟ್ಟಳು, ಆಮೇಲೆ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮಾ, ಅಪ್ಪನ ಕೈಗೆಲ್ಲಾ ಗ್ರೀಸು..." ಭವ್ಯಾ ಸೆರಗು ಎಳೆದುಕೊಂಡು ಒರೆಸಲು ಹೋದಳು.

"ಇರ್ಲಿ ಬಿಡೇ."

ಚಟ್ಟ ಎತ್ತಿದಾಗ ಉಜ್ಜಿ ಬೆಳ್ಳಗೆ ಮಾಡಿದ್ದ ಆ ಕೈ ಹೂವಿನ ನಡುವೆ ಕಾಣುತ್ತಿತ್ತು. ಅದರ ಮೇಲೆ ಕೆರಿಯಮ್ಮನ ಬೆರಳುಗಳು ಕಪ್ಪಗೆ ಮೂಡಿದ್ದವು.