ನೋವಿನ ಮಾತ್ರೆ

ಸೇತುವೆಯ ಏರು ಶುರುವಾಗುವಲ್ಲಿ ಬನ್ನಣ್ಣನ ಎಡ ಮೊಣಕಾಲು ಮತ್ತೆ ಚಳಕ್ ಎಂದಿತು. ಅವನು ನಿಲ್ಲಲಿಲ್ಲ. ಸ್ವಲ್ಪ ಮುಂದೆ ಹೋಗುತ್ತಿದ್ದ ತಂಗಿಯ ಗಂಡ ಹಿಂದಿರುಗಿ ನೋಡುವುದನ್ನು ಬಿಟ್ಟು ಬಹಳ ಹೊತ್ತಾಗಿತ್ತು. ನಡಿಗೆಯ ಅಭ್ಯಾಸ ಶುರುಮಾಡಿದ ಮೊದಮೊದಲ ಭಾನುವಾರಗಳಲ್ಲಿ ಇಬ್ಬರೂ ಜೊತೆಯಾಗಿ ಹೆಜ್ಜೆ ಹಾಕುತ್ತಿದ್ದರು. ತಂಗಿಯ ಗಂಡ ಲಿಫ್ಟ್ ರಿಪೇರಿಯವನು. ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡ ದೊಡ್ಡ ಮನುಷ್ಯರ ಪಾಡನ್ನು ಹೇಳಿ ದಾರಿಯುದ್ದಕ್ಕೂ ನಗಿಸುತ್ತಿದ್ದ. ಇವತ್ತು ಮನೆ ಬಿಟ್ಟಾಗಿನಿಂದ ಅವನ ಬಾಯಿಂದ ಬಂದದ್ದು "ನಡೀರಿ" ಅನ್ನುವುದು, ಆಮೇಲೊಮ್ಮೆ "ಲಾರಿ ಬರ್ತಿದೆ" ಅನ್ನುವುದು, ಅಷ್ಟೇ.

ಬನ್ನಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೇಕರಿಯ ಒಲೆಯ ಮುಂದೆ ವರ್ಷಗಟ್ಟಲೆ ನಿಂತು, ತಾನು ಬೇಯಿಸುವ ಬನ್ನಿನ ಹಾಗೇ ಉಬ್ಬಿಕೊಂಡಿದ್ದಾನೆಂದು ಯಾರೋ ತಮಾಷೆಗೆ ಕರೆದದ್ದು ಅಂಟಿಕೊಂಡಿತ್ತು. ಅಂಥವನು ಮುಂದಿನ ತಿಂಗಳು ಆಸ್ಪತ್ರೆಯ ಗೇಟಿನಿಂದ ಊರಾಚೆಯ ಜಲಾಶಯದವರೆಗೆ, ಬೆಳಗಿನಿಂದ ಸಂಜೆಯ ತನಕ ನಡೆಯುತ್ತಾನೆಂದರೆ ಬೀದಿಯವರಿಗೆಲ್ಲ ಆಶ್ಚರ್ಯ. ಡಯಾಲಿಸಿಸ್ ವಾರ್ಡಿಗೆ ಇನ್ನಷ್ಟು ಯಂತ್ರ ಬರಲಿ ಎಂದು ಹಣ ಕೂಡಿಸಲು ಕಿಡ್ನಿ ರೋಗಿಗಳ ಮನೆಯವರು ಸೇರಿ ಮಾಡಿಕೊಂಡ ಏರ್ಪಾಡು ಅದು. ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವನು ಬನ್ನಣ್ಣ. ಅವನ ತಂಗಿ ಆ ವಾರ್ಡಿನಲ್ಲಿ ವಾರಕ್ಕೆ ಮೂರು ಸಲ ಮಲಗುತ್ತಿದ್ದಳು. "ಅಣ್ಣ ಅಂದ್ರೆ ಹೀಗಿರ್ಬೇಕು ನೋಡಿ" ಎಂದು ಬ್ರೆಡ್ಡು ಕೊಳ್ಳಲು ಬಂದವರು ಅನ್ನುತ್ತಿದ್ದರು. ಆಗೆಲ್ಲ ಅವನಿಗೆ ಒಲೆಯ ಕಡೆ ಬಗ್ಗಿ ಟ್ರೇ ಎಳೆಯುವ ಕೆಲಸ ಬೀಳುತ್ತಿತ್ತು.

ಸೇತುವೆಯ ನೆತ್ತಿಯಲ್ಲಿ ತಂಗಿಯ ಗಂಡ ನಿಂತಿದ್ದ. ಬನ್ನಣ್ಣ ಏದುಸಿರು ಬಿಡುತ್ತ ಹತ್ತಿರ ಬರುವವರೆಗೂ ಕಾದ.

"ಭಾವ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೊಂಡ್ರೂ ಚಿಂತೆಯಿಲ್ಲ."

"ಕೇಳಿ."

"ಅವಳಿಗೆ ಕಿಡ್ನಿ ಕೊಡೋಣ ಅಂದ್ರೆ ನನ್ನ ರಕ್ತದ ಗುಂಪು ಹೊಂದಲ್ಲ. ನಿಮ್ಮದು ಹೊಂದುತ್ತೆ. ಟೆಸ್ಟಿಗೆ ಬನ್ನಿ ಅಂತ ಡಾಕ್ಟರು ನಿಮಗೆ ಹೇಳಿಕಳ್ಸಿ ಎಷ್ಟು ಕಾಲ ಆಯ್ತು?"

ಬನ್ನಣ್ಣ ಸೇತುವೆಯ ಕಂಬಿ ಹಿಡಿದುಕೊಂಡ. ಕೆಳಗೆ ನೀರು ಕಡಿಮೆಯಿತ್ತು, ಕಲ್ಲುಗಳು ಕಾಣುತ್ತಿದ್ದವು.

"ಬೇಕರೀಲಿ ಕೆಲಸ..."

"ನಡೆಯೋಕೆ ಬೇಕರಿ ಅಡ್ಡ ಬರಲ್ಲ. ಆಸ್ಪತ್ರೆಗೆ ಬರೋಕೆ ಮಾತ್ರ ಅಡ್ಡ ಬರುತ್ತೆ." ಅವನ ದನಿ ಏರಿರಲಿಲ್ಲ, ಅದನ್ನೇ ಸಹಿಸುವುದು ಕಷ್ಟವಾಗಿತ್ತು. "ಊರಿಗೆಲ್ಲ ಕಾಣೋ ಹಾಗೆ ನಡೀತೀರಿ ಭಾವ. ಯಾರಿಗೂ ಕಾಣದ ಹಾಗೆ ಒಂದು ಸೂಜಿ ಚುಚ್ಚಿಸ್ಕೊಳ್ಳೋಕಾಗಲ್ಲ. ಅವಳು ಬಾಯಿಬಿಟ್ಟು ಕೇಳೋಳಲ್ಲ. ಅದಕ್ಕೇ ನಾನು ಕೇಳ್ತಿದೀನಿ. ಹೆದರಿಕೆಯಾ? ಹೆದರಿಕೆ ಅಂತಾದ್ರೂ ಹೇಳಿಬಿಡಿ."

"ಹೌದು. ಹೆದರಿಕೆ."

ತಂಗಿಯ ಗಂಡ ಇಂಥ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಮುಖ ತಿರುಗಿಸಿ ಇಳಿಜಾರಿನತ್ತ ಬಿರಬಿರನೆ ನಡೆದುಬಿಟ್ಟ.

ಬನ್ನಣ್ಣ ಟೆಸ್ಟು ಮಾಡಿಸಿಕೊಂಡಿದ್ದ. ತಂಗಿಯ ಆಸ್ಪತ್ರೆಯಲ್ಲಲ್ಲ, ಹೊಂದಿದರೆ ಸಿಹಿಸುದ್ದಿಯನ್ನು ತಾನೇ ಒಯ್ಯೋಣವೆಂದು, ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಯಲ್ಲಿ. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಮಾತು ನಿಲ್ಲಿಸಿದ್ದು ಅವನಿಗೆ ನೆನಪಿದೆ. ಎರಡೂ ಕಿಡ್ನಿಯ ತುಂಬ ನೀರುಗುಳ್ಳೆಗಳು. ತಂಗಿಗಿರುವ ರೋಗವೇ. ರಕ್ತದ ರಿಪೋರ್ಟು ಬಂದಾಗ, ಎರಡೂ ಸೇರಿ ಅರ್ಧದಷ್ಟೂ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿತು. "ವಂಶದಲ್ಲಿ ಬರೋದು. ನಿಮ್ಮ ತಂದೆಗೂ ಇದ್ದಿರಬಹುದು" ಎಂದರು ಆಕೆ. ಅವನು ಹುಡುಗನಾಗಿದ್ದಾಗ ಅಪ್ಪ ಕೈಕಾಲು ಊದಿಸಿಕೊಂಡು ಸತ್ತಿದ್ದರು. ಕಾಮಾಲೆ ಅಂದಿದ್ದರು ಜನ. "ನಿಮಗೆ ಮಕ್ಕಳಿದ್ದಾರಾ?" ಎಂದು ಆಕೆ ಕೇಳಿದಾಗ "ಇಬ್ಬರು" ಎಂದವನೇ, ಆಕೆ ಮುಂದಿನ ಮಾತಾಡುವ ಮೊದಲೇ ಎದ್ದುಬಂದಿದ್ದ.

ಹೆಂಡತಿಗೆ ಹೇಳಲಿಲ್ಲ. ತಂಗಿಗೆ ಹೇಳುವುದಂತೂ ದೂರವೇ ಉಳಿಯಿತು. ಮೊದಲ ಸಲ ಡಯಾಲಿಸಿಸ್ಸಿಗೆ ಮಲಗಿದ್ದಾಗ ಅವಳು ನರ್ಸಿಗೆ "ನನಗೇನ್ ಬಿಡಿ, ಒಲೆ ಮುಂದೆ ನಿಂತು ಗಟ್ಟಿಯಾಗಿರೋ ಅಣ್ಣ ಇದ್ದಾನೆ" ಎಂದು ನಕ್ಕಿದ್ದನ್ನು ಅವನು ಬಾಗಿಲಲ್ಲಿ ನಿಂತು ಕೇಳಿದ್ದ. ಅವಳು ಆ ಮಾತನ್ನು ಇನ್ನೊಂದಿಷ್ಟು ದಿನ ಇಟ್ಟುಕೊಂಡಿರಲಿ ಅನ್ನಿಸಿತ್ತು. ನಡಿಗೆಯ ಸುದ್ದಿ ಬಂದದ್ದು ಆ ಹೊತ್ತಿಗೆ. ಏನಾದರೂ ಕೊಡಬೇಕಿತ್ತು. ಕಾಲುಗಳಿದ್ದವು.

ತಂಗಿಯ ಮನೆ ತಲುಪುವಾಗ ಬಿಸಿಲೇರಿತ್ತು. ತಂಗಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಳು. ಡಯಾಲಿಸಿಸ್ಸಿನ ಸೂಜಿಗೆಂದು ಆಪರೇಷನ್ ಮಾಡಿದ ಮೇಲೆ ಹಗ್ಗದಂತೆ ಎದ್ದುಕೊಂಡಿದ್ದ ಎಡಗೈಯ ನರವನ್ನು ತುಂಬುತೋಳಿನ ರವಿಕೆಯಿಂದ ಮುಚ್ಚಿಕೊಂಡಿದ್ದಳು. ಬನ್ನಣ್ಣ ಕುರ್ಚಿಗೆ ಒರಗಿದ. ಎಡಗಾಲು ಮಡಚಲು ಬರಲಿಲ್ಲ. ಕಟ್ಟಿಗೆಯಂತೆ ಮುಂದೆ ಚಾಚಿಕೊಂಡೇ ಉಳಿಯಿತು.

"ಬಂತು ನೋಡು ಕುದುರೆ" ಎಂದಳು ತಂಗಿ. "ಲಾಳ ಸವೆದಿರೋ ಹಾಗಿದೆ."

ಒಳಗೆ ಹೋಗಿದ್ದ ಅವಳ ಗಂಡ ಒಂದು ಲೋಟ ನೀರು, ಅಂಗೈಯಲ್ಲೊಂದು ಬಿಳಿ ಮಾತ್ರೆ ಹಿಡಿದು ಬಂದ. ಸೇತುವೆಯ ಮೇಲೆ ಹಾಗೆ ಮಾತಾಡಿದ್ದಕ್ಕೋ ಏನೋ, ಮುಖ ನೋಡದೆ ಚಾಚಿದ.

"ತಗೊಳ್ಳಿ, ನೋವಿಗೆ. ನಡೆದು ಬಂದ ದಿನ ನಾನೂ ಒಂದು ನುಂಗ್ತೀನಿ."

ನೋವಿನ ಮಾತ್ರೆ ಮಾತ್ರ ಮುಟ್ಟಬೇಡಿ, ಉಳಿದಿರೋ ಕಿಡ್ನಿಯನ್ನೂ ಅದು ತಿಂದುಹಾಕುತ್ತೆ ಎಂದಿದ್ದರು ಡಾಕ್ಟರಮ್ಮ.

"ಬೇಡ. ಕೂತ್ರೆ ಹೋಗುತ್ತೆ."

"ತಗೋ ಅಣ್ಣ, ಮುಖ ನೋಡಿದ್ರೆ ಗೊತ್ತಾಗಲ್ವಾ ನೋವು."

"ಅದು ತಗೊಂಡ್ರೆ ಹೊಟ್ಟೆ ಉರಿಯುತ್ತೆ ಕಣೇ."

"ಕಲ್ಲು ತಿಂದು ಅರಗಿಸ್ಕೊಳ್ಳೋ ಹೊಟ್ಟೆ ನಿಂದು. ಯಾವಾಗಿಂದ ಉರಿ?" ಎಂದು ನಕ್ಕವಳ ಕೈ ಯಂತ್ರದ ಚಕ್ರದ ಮೇಲೆ ಹಾಗೇ ನಿಂತಿತು. ನಗು ಇನ್ನೂ ಮುಖದ ಮೇಲಿತ್ತು, ಕಣ್ಣುಗಳು ಮಾತ್ರ ಅಣ್ಣನನ್ನು ಬೇರೆ ಥರ ನೋಡತೊಡಗಿದವು. "ಹೋದ ತಿಂಗಳು ಹಲ್ಲುನೋವಿಗೆ ನಿನ್ನ ಕೆನ್ನೆ ಊದಿಕೊಂಡಿತ್ತು. ಆವಾಗಲೂ ಬರೀ ಉಪ್ಪುನೀರು ಮುಕ್ಕಳಿಸ್ತಾ ಕೂತಿದ್ದೆ."

ಬನ್ನಣ್ಣ ಮಾತ್ರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಲೋಟ ಎತ್ತಿ ಗಟಗಟನೆ ನೀರು ಕುಡಿದ. "ಸರಿನಾ?" ಎನ್ನುವಂತೆ ಖಾಲಿ ಲೋಟವನ್ನು ಮೇಲೆತ್ತಿ ತೋರಿಸಿದ.

ತಂಗಿ ಎದ್ದುಬಂದಳು. ಅವನ ಮುಂದೆ ನಿಂತು ಬಲಗೈ ಚಾಚಿ, ಅಂಗೈಯನ್ನು ಅವನ ಗಲ್ಲದ ಕೆಳಗೆ ಹಿಡಿದಳು.

"ಉಗಿ."

ಅವನು ತುಟಿ ಬಿಗಿಹಿಡಿದು ತಲೆ ಆಡಿಸಿದ. ನಾಲಿಗೆಯಡಿಯಲ್ಲಿ ಮಾತ್ರೆ ಕರಗುತ್ತಿತ್ತು, ಕಹಿ ದವಡೆಗೆ ಇಳಿಯುತ್ತಿತ್ತು.

"ಏನೇ ಇದು, ಮಗು ಥರ..." ಎಂದ ಅವಳ ಗಂಡ.

"ನೀವು ಸುಮ್ನಿರಿ. ಅಣ್ಣ, ಉಗಿ ಅಂದೆ."

ಮಾತ್ರೆ ಅವಳ ಅಂಗೈಗೆ ಬಿತ್ತು, ಅಂಚು ಕರಗಿ ಮೆತ್ತಗಾಗಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಹೋದಾಗೆಲ್ಲ ನರ್ಸು ನನ್ನ ಕೇಳೋದು ಇದನ್ನೇ" ಎಂದಳು, ಯಾರಿಗೂ ಹೇಳದವಳಂತೆ. "ನೋವಿನ ಮಾತ್ರೆ ತಗೊಂಡಿಲ್ಲ ತಾನೆ ಅಂತ." ಆಮೇಲೆ, "ಯಾವಾಗ ಗೊತ್ತಾಯ್ತು?"

"ನಿನಗೆ ಕೈ ಆಪರೇಷನ್ ಆಯ್ತಲ್ಲ, ಅದಾದ ಮೇಲೆ."

"ಎಷ್ಟು ಕೆಲಸ ಮಾಡ್ತಿದೆ?"

"ಅರ್ಧಕ್ಕಿಂತ ಕಡಿಮೆ. ಈಗಲೇ ಏನೂ ಆಗಲ್ವಂತೆ."

"ಅತ್ತಿಗೆಗೆ?"

ಬನ್ನಣ್ಣ ಇಲ್ಲವೆಂದು ತಲೆಯಾಡಿಸಿದ. ಅವಳ ಗಂಡ ಒಮ್ಮೆ ಹೆಂಡತಿಯನ್ನು, ಒಮ್ಮೆ ಭಾವನನ್ನು ನೋಡಿದ. ಅರ್ಥವಾಗುತ್ತಿದ್ದಂತೆ ಕುರ್ಚಿಯ ಹತ್ತಿರಕ್ಕೆ ಬಂದ.

"ಭಾವ, ಸೇತುವೆ ಮೇಲೆ ನಾನು..."

"ನೀವು ಕೇಳಿದ್ದು ಸರಿಯಾಗೇ ಇತ್ತು. ನಾನು ಹೇಳಿದ್ದೂ ಸುಳ್ಳಲ್ಲ."

ತಂಗಿ ಬಚ್ಚಲಿಗೆ ಹೋಗಿ ಕೈ ತೊಳೆದಳು. ನಲ್ಲಿ ಬಹಳ ಹೊತ್ತು ಹರಿಯಿತು. ಹಿಂದಿರುಗಿ ಬಂದಾಗ ಅವಳ ಮುಖವೂ ಒದ್ದೆಯಾಗಿತ್ತು.

"ನಿನ್ನ ಎಷ್ಟು ಬೈಕೊಂಡಿದೀನಿ ಗೊತ್ತಾ? ಸೂಜಿ ಚುಚ್ಚಿದಾಗೆಲ್ಲ ಬೈದಿದೀನಿ. ಒಡಹುಟ್ಟಿದೋನು, ಕಲ್ಲೆದೆಯೋನು, ಊರಿಗೆ ಉಪಕಾರಿ ಅಂತ."

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಹೊಲ್ಕೊಂಡಿದ್ಯಾ?"

"ನೀನು ಆಸೆ ಬಿಡೋದಕ್ಕಿಂತ ನನ್ನ ಬೈಯೋದು ವಾಸಿ ಅನ್ನಿಸ್ತು."

ಅವಳು ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು, ಗಟ್ಟಿಯಾಗಿಯೇ. ಆಮೇಲೆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

"ಮಕ್ಕಳು, ಅಣ್ಣ?"

ಅವನು ಇಷ್ಟು ಕಾಲ ತನ್ನೊಳಗೂ ಆಡದ ಮಾತನ್ನು ಅವಳು ಆಡಿದ್ದಳು.

"ಇವತ್ತೇ ಅತ್ತಿಗೆಗೆ ಹೇಳು" ಎಂದಳು ತಂಗಿ. "ನೀನು ಹೇಳದಿದ್ರೆ ನಾನು ಬಂದು ಹೇಳ್ತೀನಿ. ಮಂಗಳವಾರ ನನ್ನ ಜೊತೆ ಹೊರಡು, ನನ್ನ ಡಾಕ್ಟರಿಗೇ ತೋರಿಸೋಣ. ಮಕ್ಕಳ ವಿಷಯವೂ ಅವರನ್ನೇ ಕೇಳೋಣ. ಅಪ್ಪನಿಗೆ ಏನಂತಾನೇ ಗೊತ್ತಾಗಲಿಲ್ಲ. ನನಗೆ ಗೊತ್ತಾಗೋ ಹೊತ್ತಿಗೆ ಮುಗಿದಿತ್ತು. ಅವಕ್ಕಾದ್ರೂ ಮೊದಲೇ ಗೊತ್ತಾಗಲಿ."

"ಹಾಗಾದ್ರೆ ನಡಿಗೆ?" ಅವಳ ಗಂಡ ಮೆಲ್ಲಗೆ ಕೇಳಿದ.

"ಡಾಕ್ಟರು ಹೂಂ ಅಂದ್ರೆ ನಡೀಲಿ. ಇಲ್ಲಾಂದ್ರೆ ಗೇಟಿನ ಹತ್ರ ಕೂತು ನಡೆಯೋರಿಗೆಲ್ಲ ಬನ್ ಹಂಚಲಿ."

ಯಾರೂ ನಗಲಿಲ್ಲ. ಆದರೂ ಕೋಣೆಯಲ್ಲಿ ಉಸಿರಾಡಲು ಕೊಂಚ ಜಾಗವಾಯಿತು.

ಬನ್ನಣ್ಣ ಬೂಟು ಬಿಚ್ಚಲು ಬಗ್ಗಿದ. ಚಾಚಿದ ಕಾಲಿನ ತುದಿಗೆ ಕೈ ಎಟುಕಲಿಲ್ಲ. ತಂಗಿಯ ಗಂಡ ಬಂದು ನೆಲದ ಮೇಲೆ ಮಂಡಿಯೂರಿದ.

"ಏ, ಬಿಡಿ, ಕಾಲಿಗೆಲ್ಲ ಯಾಕೆ" ಎಂದು ಬನ್ನಣ್ಣ ಕಾಲೆಳೆದುಕೊಳ್ಳಲು ನೋಡಿದ. ಮೊಣಕಾಲು ಬಿಡಲಿಲ್ಲ.

ತಂಗಿಯ ಗಂಡ ಆ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಬೆವರಿಗೆ ಒದ್ದೆಯಾದ ಲೇಸು ಬಿಗಿದು ಗಂಟುಗಂಟಾಗಿತ್ತು, ಉಗುರಿಗೆ ಸಿಗಲಿಲ್ಲ. ಅಂಗಿಯ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಗಂಟಿನ ನಡುವೆ ತೂರಿಸಿ, ನಿಧಾನವಾಗಿ ಸಡಿಲಿಸತೊಡಗಿದ.

"ಕತ್ತರಿಸಿಬಿಡಿ. ಕತ್ತರಿ ಕೊಡ್ತೀನಿ" ಎಂದಳು ತಂಗಿ.

"ಬೇಡ" ಎಂದ ಅವನು, ತಲೆಯೆತ್ತದೆ. "ಬಿಡಿಸ್ತೀನಿ."